ಕೊಡ್ತೀರಾ ಅಕ್ಕ ಮತ್ತು ಮೇಷ್ಟ್ರ ಬೀರು

ಆ ಕಟ್ಟಡದಲ್ಲಿ ಅವಳ ನಿಜವಾದ ಹೆಸರು ಗಂಡನೊಬ್ಬನಿಗೆ ನೆನಪಿದ್ದರೆ ಹೆಚ್ಚು. ಉಳಿದವರಿಗೆಲ್ಲ ಅವಳು ‘ಕೊಡ್ತೀರಾ ಅಕ್ಕ’. ಯಾರ ಮನೆಯ ಬಾಗಿಲು ತಟ್ಟಿದರೂ ಬಾಯಿಂದ ಬರುತ್ತಿದ್ದುದು ಅದೇ ಮಾತು. “ಸ್ವಲ್ಪ ಸುತ್ತಿಗೆ ಕೊಡ್ತೀರಾ?” “ಇಕ್ಕಳ ಇದ್ರೆ ಕೊಡ್ತೀರಾ?” “ನಿಮ್ಮ ಏಣಿ ಒಂದು ಗಳಿಗೆ ಕೊಡ್ತೀರಾ?”

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹರಿದ ಹಾಸು ಹೊದಿಕೆಗಳಿಗೆ ತೇಪೆ ಹಾಕುವುದು ಅವಳ ಕೆಲಸ. ಗಂಡ ಬಸ್ ಡ್ರೈವರ್. ಭಾರಿ ಆಳು, ಭಾರಿ ಸ್ವಾಭಿಮಾನಿ. ಹೆಂಡತಿ ಮನೆಮನೆಗೆ ಹೋಗಿ ಕೇಳುವುದನ್ನು ಕಂಡರೆ ಅವನ ಮೈಯೆಲ್ಲ ಉರಿಯುತ್ತಿತ್ತು. ಒಂದು ಸಲ ಸಂತೆಯಿಂದ ಸುತ್ತಿಗೆ, ಇಕ್ಕಳ, ಏಣಿ ಎಲ್ಲವನ್ನೂ ತಂದು ಅವಳೆದುರು ಗುಡ್ಡೆ ಹಾಕಿದ. ಮಾರನೆಯ ದಿನವೇ ಅವಳು ಕೆಳಗಿನ ಕ್ಷೌರಿಕನ ಮನೆಯ ಸುತ್ತಿಗೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು.

“ಮನೇಲೇ ಹೊಸ ಸುತ್ತಿಗೆ ಇದೆಯಲ್ಲೇ!”

“ಇದೆ ಕಣ್ರೀ. ಆದ್ರೆ ನಮ್ಮನೆ ಸುತ್ತಿಗೆ ಮಾತಾಡಲ್ಲವಲ್ಲ!”

ಈ ಚಾಳಿ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಮದುವೆಯಾಗಿ ಎರಡನೇ ಮಹಡಿಯ ಆ ಎರಡು ಕೋಣೆಗಳಿಗೆ ಬಂದ ಹೊಸದರಲ್ಲಿ ಗಂಡ ಬೆಳಗಾಗುವ ಮೊದಲೇ ಬಸ್ಸಿಗೆ ಹೋಗಿಬಿಡುತ್ತಿದ್ದ. ಆಗ ಅವಳಿಗಿನ್ನೂ ಕೆಲಸ ಸಿಕ್ಕಿರಲಿಲ್ಲ. ಮೆಟ್ಟಿಲಲ್ಲಿ ಎದುರಾದವರು ಗೋಡೆ ನೋಡುತ್ತ ಇಳಿದುಹೋಗುತ್ತಿದ್ದರು. ದಿನವಿಡೀ ನಲ್ಲಿಯಲ್ಲಿ ನೀರು ತೊಟ್ಟಿಕ್ಕುವ ಸದ್ದೇ ಅವಳ ಜೊತೆಗಾರ. ಒಂದು ದಿನ ಸೂಜಿ ಮುರಿಯಿತು. ಧೈರ್ಯ ಮಾಡಿ ಮೂರನೇ ಮಹಡಿಗೆ ಹತ್ತಿ, ಅಲ್ಲಿದ್ದ ಅಜ್ಜಿಯ ಬಾಗಿಲು ತಟ್ಟಿದಳು. ಅಜ್ಜಿ ಸೂಜಿ ಕೊಟ್ಟಳು, ತನ್ನ ಇನ್ನೊಂದು ಸೂಜಿಗೆ ಅವಳ ಕೈಯಿಂದ ದಾರ ಪೋಣಿಸಿಕೊಂಡಳು, ತನ್ನ ಮಂಡಿನೋವಿನ ಚರಿತ್ರೆಯನ್ನೆಲ್ಲ ಹೇಳಿದಳು, ಕೊನೆಗೆ “ನಾಳೆ ವಾಪಸ್ ಕೊಡೋಕೆ ನೀನೇ ಬಾ, ಗಂಡನ ಕೈಲಿ ಕಳಿಸಬೇಡ” ಎಂದಳು. ಅಂದು ರಾತ್ರಿ ಅವಳು ಹಾಡಿಕೊಳ್ಳುತ್ತ ಅಡುಗೆ ಮಾಡಿದಳು. ಒಂದು ವಸ್ತು ಕೇಳಿದರೆ ಎರಡು ಸಲ ಬಾಗಿಲು ತೆರೆಯುತ್ತದೆ, ತರುವಾಗೊಮ್ಮೆ, ಕೊಡುವಾಗೊಮ್ಮೆ. ಅಷ್ಟು ಸಾಕಾಯಿತು ಅವಳಿಗೆ.

ವರ್ಷಗಳು ಕಳೆದವು. ಅವಳು ಬಾಗಿಲು ತಟ್ಟದ ಮನೆ ಉಳಿಯಲಿಲ್ಲ. ಆದರೂ ಒಂದು ಗಂಟು ಮಾತ್ರ ಅವಳಿಂದ ಬಿಡಿಸಲಾಗಿರಲಿಲ್ಲ. ಕೆಳಗಿನ ಕ್ಷೌರಿಕನೂ ಮೂರನೇ ಮಹಡಿಯ ಬಡಗಿಯೂ ಒಡಹುಟ್ಟಿದವರು. ಯಾವ ಕಾಲದಲ್ಲೋ ರೇಡಿಯೋ ಜೋರಾಗಿ ಹಾಕಿದ ವಿಷಯಕ್ಕೆ ಕಚ್ಚಾಡಿ ಮಾತು ಬಿಟ್ಟಿದ್ದರು. ಬಡಗಿ ತಲೆಗೂದಲು ಕತ್ತರಿಸಿಕೊಳ್ಳಲು ಪೇಟೆಯ ಆ ತುದಿಗೆ ಹೋಗುತ್ತಿದ್ದ. ಕ್ಷೌರಿಕ ತನ್ನ ಅಂಗಡಿಯ ಕುಂಟು ಕುರ್ಚಿಯ ಕಾಲಿಗೆ ರಟ್ಟು ಮಡಚಿ ಇಟ್ಟುಕೊಂಡಿದ್ದ, ತಮ್ಮನನ್ನು ಕರೆದಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಅಕ್ಕನ ಎದುರು ಮನೆಗೆ ಹೊಸಬರು ಬಂದರು. ನಿವೃತ್ತ ಶಾಲಾ ಮೇಷ್ಟ್ರು, ಹೆಂಡತಿ ತೀರಿಕೊಂಡಿದ್ದರು, ಒಬ್ಬರೇ. ಸಾಮಾನು ಸ್ವಲ್ಪ, ಆದರೆ ಅದರಲ್ಲೊಂದು ಮರದ ಬೀರು. ಆನೆಯಂಥದ್ದು. ಹಮಾಲರು ಏದುಸಿರು ಬಿಡುತ್ತ ಹೊತ್ತು ತಂದರು, ಮೊದಲನೇ ಮಹಡಿ ದಾಟಿಸಿದರು, ಮೆಟ್ಟಿಲು ತಿರುಗುವಲ್ಲಿ ಹೊರಳಿಸಿದರು. ಬೀರು ಗೋಡೆಗೂ ಕಟಕಟೆಗೂ ನಡುವೆ ಬಿರಡೆಯಂತೆ ಕೂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. “ನಾಳೆ ನಾಲ್ಕು ಜನ ಹೆಚ್ಚಿಗೆ ಕರ್ಕೊಂಡು ಬರ್ತೀವಿ ಸಾರ್” ಎಂದು ಹಮಾಲರು ಬೆವರು ಒರೆಸಿಕೊಂಡು ಜಾಗ ಖಾಲಿ ಮಾಡಿದರು.

ಆಗ ಅಕ್ಕ ತರಕಾರಿ ಚೀಲದೊಂದಿಗೆ ಪೇಟೆಯಿಂದ ಬಂದಳು. ಮನೆಗೆ ಹೋಗಲು ದಾರಿಯಿಲ್ಲ. ಬೀರುವಿನ ಮೇಲ್ಗಡೆ ಒಂದು ಮೊಳದಷ್ಟು ಸಂದಿ. ಅದರಲ್ಲಿ ಗಂಡನ ಮುಖ ಕಾಣಿಸಿತು, ಖಾಕಿ ಅಂಗಿಯ ಕಾಲರಿನ ಸಮೇತ.

“ಮಧ್ಯಾಹ್ನ ನನ್ನ ಡ್ಯೂಟಿ ಇದೆ ಕಣೇ! ಜನ ಬಸ್ಸಿಗೆ ಕಾಯ್ತಿರ್ತಾರೆ. ನಾನು ಹಾರಿಕೊಂಡು ಹೋಗ್ಲಾ?”

ಅವನ ಹಿಂದಿನಿಂದ ಬಡಗಿ ಇಣುಕಿ ನೋಡಿದ. “ಗರಗಸ ತರ್ತೀನಿ. ಎರಡು ತುಂಡು ಮಾಡಿದ್ರೆ ಆಯ್ತು.”

ಕೆಳಗಿನ ಮೆಟ್ಟಿಲಲ್ಲಿದ್ದ ಮೇಷ್ಟ್ರು ಬೀರುವನ್ನು ಎರಡೂ ಕೈಯಿಂದ ತಬ್ಬಿಕೊಂಡರು. “ಬೇಡ್ರಪ್ಪಾ, ಗರಗಸ ಮಾತ್ರ ಬೇಡ. ನಮ್ಮವಳು ತವರಿಂದ ತಂದದ್ದು. ನಾಳೆವರೆಗೂ ನಾನು ಇಲ್ಲೇ ಕೂತಿರ್ತೀನಿ.”

ಅಕ್ಕ ಚೀಲ ಕೆಳಗಿಟ್ಟಳು. “ಮೇಷ್ಟ್ರೇ, ಯಾರೂ ಗರಗಸ ಮುಟ್ಟಿಸಲ್ಲ. ಕಾಲು ಬಿಚ್ಚಿದ್ರೆ ಹೊರಳುತ್ತಾ?”

“ಹೊರಳುತ್ತೆ,” ಬಡಗಿ ಮೇಲಿನಿಂದ ಹೇಳಿದ. “ಆದ್ರೆ ಕಾಲು ಆ ಕಡೆ ಇವೆಯಲ್ಲ. ನಾನು ಈ ಕಡೆ.”

ಕಾಲುಗಳಿದ್ದ ಕೆಳಗಿನ ಕಡೆ ಇದ್ದವನು ಕ್ಷೌರಿಕ. ಗದ್ದಲ ಕೇಳಿ, ಹೆಗಲ ಮೇಲಿನ ಟವೆಲ್ಲಿನ ಸಮೇತ ಅಂಗಡಿಯಿಂದ ಎದ್ದು ಬಂದಿದ್ದ. ಅಕ್ಕ ಅವನ ಮುಖ ನೋಡಿದಳು. ಅವನು ಛಾವಣಿ ನೋಡಿದ.

“ನಿಮ್ಮ ಕೈ ಕೊಡ್ತೀರಾ?” ಅಂದಳು ಅಕ್ಕ. ಕ್ಷೌರಿಕ ನಗು ತಡೆದುಕೊಂಡು ಮಂಡಿಯೂರಿದ.

ತಿರುವಿನಲ್ಲಿ ಕತ್ತಲು. ಅಕ್ಕ ಮೇಲಕ್ಕೆ ಕೂಗಿದಳು: “ರೀ, ಅಜ್ಜಿ ಹತ್ರ ಒಳ್ಳೆ ಟಾರ್ಚಿದೆ. ಕೇಳಿ ತನ್ನಿ.”

“ನಾನಾ? ಕೇಳೋದಾ?”

“ಬಸ್ಸು ಹೊರಡಬೇಕಲ್ಲ?”

ಬೇರೆ ಗತಿಯಿರಲಿಲ್ಲ. ಜೀವಮಾನದಲ್ಲಿ ಯಾರ ಮನೆಯಲ್ಲೂ ಬೆಂಕಿಪೊಟ್ಟಣ ಕೇಳದವನು ಮೇಲೆ ಹೋಗಿ ಬಾಗಿಲು ತಟ್ಟಿದ. “ಅಜ್ಜೀ... ಸ್ವಲ್ಪ ಟಾರ್ಚು... ಕೊಡ್ತೀರಾ?” ಅವನ ದನಿ ಕೆಳಗಿನವರೆಗೂ ಕೇಳಿಸಿತು. ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಬನ್ನುಗಳ ತಟ್ಟೆ. “ಪಾಪ, ಮಂಡಿ ಬಹಳ ನೋವಂತೆ ಕಣೇ,” ಎಂದ ಸಂಕೋಚದಿಂದ.

ಬಡಗಿ ತನ್ನ ಸ್ಕ್ರೂಡ್ರೈವರನ್ನು ದಾರಕ್ಕೆ ಕಟ್ಟಿ ಸಂದಿಯಿಂದ ಇಳಿಬಿಟ್ಟ. ತಟ್ಟೆಯೂ ಸಂದಿಯಿಂದಲೇ ಬಂತು. ಶುರುವಾಯಿತು ನೋಡಿ ಮಜಾ.

“ಎಡಕ್ಕೆ ತಿರುಗಿಸೋಕೆ ಹೇಳಕ್ಕಾ ಅವರಿಗೆ,” ಮೇಲಿಂದ ಬಡಗಿ.

“ಎಡಕ್ಕಂತೆ,” ಅಕ್ಕ.

“ತುಕ್ಕು ಹಿಡಿದಿದೆ ಅಂತ ಹೇಳಕ್ಕಾ ಅವರಿಗೆ,” ಕೆಳಗಿಂದ ಕ್ಷೌರಿಕ.

“ತುಕ್ಕಂತೆ.”

“ಕೂದಲು ಕತ್ತರಿಸೋ ಮಿಷಿನ್ನಿನ ಎಣ್ಣೆ ಬಿಡೋಕೆ ಹೇಳಕ್ಕಾ,” ಮತ್ತೆ ಬಡಗಿ.

ಇಬ್ಬರ ನಡುವೆ ಇದ್ದದ್ದು ಒಂದು ಬೀರು. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತಿತ್ತು. ಅಂಗಡಿಯಿಂದ ಎಣ್ಣೆ ಬಂತು. ಮೂರು ಕಾಲು ಬಿಚ್ಚಿದ್ದಾಯಿತು. ಹೇಳಿ ಹೇಳಿ ಸುಸ್ತಾಗಿ ಅಕ್ಕ ಒಂದು ಬನ್ನನ್ನು ಬಾಯಿಗೆ ತುರುಕಿಕೊಂಡಳು. ಸರಿಯಾಗಿ ಆಗಲೇ ಕ್ಷೌರಿಕ ಕೊನೆಯ ಸ್ಕ್ರೂವನ್ನು ತಪ್ಪು ಕಡೆಗೆ ತಿರುಗಿಸತೊಡಗಿದ. ಅಕ್ಕ “ಊಂ, ಊಂ” ಎಂದು ಕೈಯಾಡಿಸಿದಳು. ಮಾತು ಹೊರಡಲಿಲ್ಲ. ಟಾರ್ಚು ಹಿಡಿದು ಸಂದಿಯಿಂದ ಬಗ್ಗಿದ್ದ ಬಡಗಿಗೆ ಅದು ಕಂಡಿತು.

“ಅಣ್ಣಾ! ಬಲಕ್ಕಲ್ಲ, ಎಡಕ್ಕೆ!”

ಅಕ್ಕನ ಕೈ ಗಾಳಿಯಲ್ಲೇ ನಿಂತಿತು. ಮೇಷ್ಟ್ರಿಗೆ ಕಥೆ ಗೊತ್ತಿರಲಿಲ್ಲ, ಆದರೂ ಅವರೂ ಬೀರು ಬಿಟ್ಟು ಕ್ಷೌರಿಕನತ್ತ ತಿರುಗಿದರು. ಕ್ಷೌರಿಕ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮುಖ ಮಾತ್ರವೋ, ಕಣ್ಣೂ ಸೇರಿಯೋ, ಹೇಳಲಾಗದು.

“ಕೂಗಬೇಡ ಕಣೋ. ನಾನೇನು ಕಿವುಡ ಅಲ್ಲ,” ಎಂದ. ಎಡಕ್ಕೆ ತಿರುಗಿಸಿದ.

ಆಮೇಲೆ ಕೆಲಸ ಹೂವಿನಂತಾಯಿತು. ಕೆಳಗಿನವರು ತಳ್ಳಿದರು, ಮೇಲಿನವರು ಎಳೆದರು. ಬೀರು ಒಮ್ಮೆ ನರಳಿ, ಹೊರಳಿ, ಮೇಲೇರಿತು. ಅದು ಬಾಗಿಲೊಳಗೆ ಹೋದದ್ದೇ ತಡ, ಡ್ರೈವರ್ ಮೆಟ್ಟಿಲುಗಳನ್ನು ಹಾರಿಕೊಂಡು ಓಡಿದ. ಬಸ್ಸು ತಡವಾಯಿತೆಂದು ಗೊಣಗಿದ ಪ್ರಯಾಣಿಕರಿಗೆ ಅವನು ಹೊರಡುವ ಮುನ್ನ ನಡೆದದ್ದನ್ನೆಲ್ಲ ಅಭಿನಯದ ಸಮೇತ ಹೇಳಿದನಂತೆ, ಇನ್ನಷ್ಟು ತಡವಾಯಿತಂತೆ, ಯಾರೂ ಗೊಣಗಲಿಲ್ಲವಂತೆ.

ಅಣ್ಣತಮ್ಮಂದಿರು ಬೀರುವಿಗೆ ಕಾಲು ಜೋಡಿಸಿದರು. ಮೇಷ್ಟ್ರು ಅದರ ಬಾಗಿಲು ತೆರೆದು, ಹೆಂಡತಿಯ ಶಾಲು ಬಿಚ್ಚಿ, ಅದರಲ್ಲಿ ಭದ್ರವಾಗಿ ಸುತ್ತಿಟ್ಟಿದ್ದ ಪಿಂಗಾಣಿ ಬಟ್ಟಲುಗಳನ್ನು ಒಂದೊಂದಾಗಿ ತೆಗೆದರು. “ಇಷ್ಟು ಜನಕ್ಕೆ ಚಹಾ ಮಾಡಿ ಅಭ್ಯಾಸವಿಲ್ಲ. ನೀವೆಲ್ಲ ನೆಲದ ಮೇಲೇ ಕೂರಬೇಕು,” ಎಂದರು. ಎಲ್ಲರೂ ಕೂತರು. ಚಹಾಕ್ಕೆ ಸಕ್ಕರೆ ವಿಪರೀತವಾಗಿತ್ತು. ಯಾರೂ ಒಂದು ಹನಿಯನ್ನೂ ಬಿಡಲಿಲ್ಲ.

ಮುಂದಿನ ವಾರ ಬಡಗಿ ಅಣ್ಣನ ಅಂಗಡಿಯ ಕುರ್ಚಿಯ ಮೇಲೆ ಕೂತ. ಅಷ್ಟು ವರ್ಷಗಳ ಮಾತು ಬಾಕಿಯಿತ್ತಲ್ಲ, ಅಣ್ಣ ಮಾತಾಡುತ್ತಾ ಮಾತಾಡುತ್ತಾ ಒಂದು ಕಡೆಯ ಕೂದಲನ್ನು ಬುಡದವರೆಗೂ ಇಳಿಸಿಬಿಟ್ಟ. ತಮ್ಮ ಕನ್ನಡಿ ನೋಡಿ ಚೀರಿದ. ಇಬ್ಬರ ಜಗಳ ಬೀದಿಗೆಲ್ಲ ಕೇಳಿಸಿತು.

ಬಟ್ಟೆ ಒಣಹಾಕುತ್ತಿದ್ದ ಅಕ್ಕ ಬಗ್ಗಿ ನೋಡಿದಳು. ಎದುರು ಮನೆಯ ಮೇಷ್ಟ್ರು ಗಾಬರಿಯಿಂದ ಹೊರಗೆ ಬಂದರು. “ಮತ್ತೆ ಮಾತು ಬಿಡ್ತಾರೋ ಏನೋ?”

“ಇಲ್ಲ ಮೇಷ್ಟ್ರೇ,” ಅಂದಳು ಅಕ್ಕ ನಗುತ್ತ. “ನೋಡಿ, ಎಷ್ಟು ಚೆನ್ನಾಗಿ ಬೈದಾಡ್ತಿದ್ದಾರೆ!”