ಸೆಲ್ಮರ್ ಬೇಡ ಅಂದದ್ದು

ನಮ್ಮ ನಾರ್ಡಾಲ್ ಊರಿನ ಚರ್ಚಿನ ಅಂಗಳದಲ್ಲಿ ಸೆಲ್ಮರ್ ಕ್ವಾಮನ ಹೆಸರಿನ ಕಲ್ಲು ನಿಂತಿದೆ. ಅದಕ್ಕೆ ದುಡ್ಡು ಹಾಕಿದವರಲ್ಲಿ ಅರ್ಧ ಜನ, ಅವನು ಬದುಕಿದ್ದಾಗ "ಹಾಲು ಕರೆಯೋದು ಬಿಟ್ಟರೆ ಈ ಪೆದ್ದನ ಕೈಲಿ ಇನ್ನೇನಾಗುತ್ತೆ" ಅಂತಿದ್ದವರು. ಈಗ ಕೇಳಿ ನೋಡಿ, ಪ್ರತಿಯೊಬ್ಬರೂ ಅವನನ್ನು ಎತ್ತಿ ಆಡಿಸಿದವರೇ! ನಾನು ಪಕ್ಕದ ಹೊಲದವಳು, ನನಗೆ ಗೊತ್ತಿಲ್ಲವೇ? ಅವರು ಯಾರನ್ನೂ ಎತ್ತಿ ಆಡಿಸಿದವರಲ್ಲ. ಅಮೆರಿಕದ ಮಿನೆಸೋಟಾದ ಈ ಮೂಲೆಯಲ್ಲಿ ಹೆತ್ತ ಮಕ್ಕಳನ್ನೂ ಅಪ್ಪಿಕೊಳ್ಳದೆ ಕೈ ಕುಲುಕಿ ಕಳಿಸುತ್ತೇವೆ.

ಅಜ್ಜಂದಿರು ನಾರ್ವೆಯಿಂದ ಬರುವಾಗ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚು ಸಂಕೋಚ ತುಂಬಿಕೊಂಡು ಬಂದಿರಬೇಕು. ಯಾರ ಮನೆಗೆ ಹೋದರೂ, ಕಾಫಿ ಅಂದ ಕೂಡಲೇ ಕೈ ಚಾಚಿದಿರೋ, ಮುಗೀತು, ಮಾನ ಹೋಯಿತು. ಮೊದಲ ಸಲ "ಬೇಡ ಬೇಡ, ಈಗ ತಾನೇ ಆಯ್ತು" ಅನ್ನಬೇಕು. ಎರಡನೇ ಸಲ "ನಿಮಗ್ಯಾಕೆ ತೊಂದರೆ" ಅನ್ನಬೇಕು. ಮೂರನೇ ಸಲ ಕೇಳಿದಾಗ "ಸರಿ, ಒಂಚೂರು ಹಾಕಿ" ಅಂತ ಲೋಟ ಮುಂದಿಡಬೇಕು. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಮೂರನೇ ಸಲ ಕೇಳದವನನ್ನು ಮನುಷ್ಯ ಅಂತ ನಾವು ಲೆಕ್ಕಕ್ಕೇ ಇಡುವುದಿಲ್ಲ.

ಸೆಲ್ಮರನಲ್ಲಿ ಈ ಗುಣ ನಮ್ಮೆಲ್ಲರಿಗಿಂತ ಒಂದು ಕೈ ಜಾಸ್ತಿ. ಒಂದು ಸಲ ಹೊಳೆಯಾಚೆಯ ಐರಿಶ್ ಜನರ ಹೊಲಕ್ಕೆ ಗೋಧಿ ಬಡಿಯಲು ಹೋಗಿದ್ದ. ಮಧ್ಯಾಹ್ನ ಆ ಮನೆಯಾಕೆ ಮಾಂಸ, ಆಲೂಗಡ್ಡೆ ತುಂಬಿದ ತಟ್ಟೆ ಹಿಡಿದು "ತಿಂತೀಯೇನಪ್ಪ?" ಅಂದಳು. ಇವನು "ಬೇಡ" ಅಂದ. ಆಕೆ ಪಾಪ, ತಟ್ಟೆ ತೆಗೆದುಕೊಂಡು ಒಳಗೆ ಹೋದಳು! ಸಂಜೆ ಕಣ್ಣು ಗುಳಿಬಿದ್ದು ಬಂದವನು ನಮ್ಮ ಮನೆಯಲ್ಲೇ ಒಂದಿಡೀ ಬ್ರೆಡ್ಡು ಮುಗಿಸಿದ. ಅದಕ್ಕೂ ಮೊದಲು ಎರಡು ಸಲ ಬೇಡ ಅಂದ ಅನ್ನಿ. ಅದೇ ಐರಿಶ್ ಜನರ ಹುಡುಗಿಯೊಬ್ಬಳು ಕುಣಿತದ ಸಭೆಯಲ್ಲಿ ತಾನಾಗಿ ಬಂದು "ನನ್ನ ಜೊತೆ ಕುಣೀತೀಯಾ?" ಅಂದಾಗಲೂ ಇದೇ ಕಥೆ. ಮುಂದಿನ ವರ್ಷ ಅವಳ ಮದುವೆಯಲ್ಲಿ ಇವನು ಕುರ್ಚಿ ಜೋಡಿಸಿದ.

ಕೊರಿಯಾದ ಯುದ್ಧಕ್ಕೆ ಕರೆ ಬಂದಾಗ ಮಾತ್ರ ಬೇಡ ಅನ್ನುವ ಅವಕಾಶ ಸರ್ಕಾರ ಕೊಡಲಿಲ್ಲ. ಅವನ ತಾಯಿ ಥೋರಾ, ಗಂಡ ತೀರಿಕೊಂಡ ಮೇಲೆ ಇವನೊಬ್ಬನನ್ನೇ ನೆಚ್ಚಿಕೊಂಡವಳು, ಬಸ್ಸಿನ ಹತ್ತಿರ ಮಗನ ಕೈ ಕುಲುಕಿ "ಕಾಲು ಬೆಚ್ಚಗಿಟ್ಕೋ" ಅಂದಳು. ಅಷ್ಟೇ.

ಆ ಚಳಿಗಾಲದಲ್ಲೇ ಅವನು ಸತ್ತ ಸುದ್ದಿ ಬಂತು. ಅದರ ಹಿಂದೆಯೇ ಬೆಳ್ಳಿ ಪದಕವೂ ಬಂತು. ಪಾಸ್ಟರ್ ಲುಂಡೆ ಎದೆಯುಬ್ಬಿಸಿ ಪ್ರವಚನ ಕೊಟ್ಟರು: ಗಾಯಾಳುಗಳ ಲಾರಿಯಲ್ಲಿ ಜಾಗವಿದ್ದರೂ ಸೆಲ್ಮರ್ ಹತ್ತಲಿಲ್ಲವಂತೆ, ಒಬ್ಬನೇ ಹಿಂದುಳಿದು ಶತ್ರುಗಳನ್ನು ತಡೆದನಂತೆ, ತಾನಾಗಿ ಸಾವನ್ನು ಆರಿಸಿಕೊಂಡನಂತೆ. ಊರಿಗೆ ಊರೇ ಕಣ್ಣೊರೆಸಿಕೊಂಡಿತು. ಹೊಗಳಿ ಅಭ್ಯಾಸವಿಲ್ಲದ ಜನ, ಹೊರಗೆ ಬಂದು ಥೋರಾಗೆ "ಹುಡುಗ ಪರವಾಗಿಲ್ಲ ಕಣಮ್ಮ" ಅಂದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಪದಕವಿಲ್ಲ.

ಥೋರಾಳನ್ನು ಕೊರೆದದ್ದು ಬೇರೆ. ಒಂದು ದಿನ ಹಿಟ್ಟು ನಾದುತ್ತಾ ನನ್ನನ್ನು ಕೇಳಿದಳು: "ಹುಲ್ಡಾ, ಜಾಗ ಇದ್ರೂ ಅವನು ಹತ್ತಲಿಲ್ಲ ಅಂತಾರಲ್ಲ. ಅವನಿಗೆ ಮನೆಗೆ ಬರೋದೇ ಬೇಡವಾಗಿತ್ತಾ? ನಾನು ಒಂದು ಸಲವಾದ್ರೂ ಬೇಗ ಬಾ ಅಂದಿದ್ರೆ..."

"ಸುಮ್ನಿರೆ, ಏನೇನೋ ತಲೆಗೆ ಹಚ್ಕೋಬೇಡ," ಅಂದೆ. ಬೇರೇನು ಹೇಳಲಿ? ಪಾಸ್ಟರರ ಪ್ರವಚನ ಆ ತಾಯಿಗೆ ಮುಳ್ಳಾಗಿ ಕೂತಿತ್ತು.

ಎರಡು ವರ್ಷದ ಮೇಲೆ, ಆ ಲಾರಿ ಓಡಿಸಿದವನು ಹುಡುಕಿಕೊಂಡು ಬಂದ. ಡಾಮಿನಿಕ್ ಪೆರೊಟ್ಟಾ ಅಂತ, ನ್ಯೂ ಜೆರ್ಸಿಯ ಇಟಾಲಿಯನ್ ಹುಡುಗ. ಥೋರಾ ಕಾಫಿ ಅಂದದ್ದೇ ತಡ, "ಕೊಡಿ ಅಮ್ಮ" ಅಂದುಬಿಟ್ಟ! ಮೇಲೆ ಕೇಕೂ ಕೇಳಿ ಹಾಕಿಸಿಕೊಂಡ. ನನಗೆ ಮೈಯೆಲ್ಲ ಉರಿಯಿತು.

"ಅವನ ಭುಜಕ್ಕೆ ಗುಂಡು ತಗುಲಿತ್ತು ಅಮ್ಮ," ಅಂದ. "ಲಾರೀಲಿ ಒಬ್ಬನಿಗೆ ಜಾಗ ಇತ್ತು. ಹತ್ತೋ ಅಂದೆ. 'ಬೇಡ ಬೇಡ, ನಂಗೇನಾಗಿಲ್ಲ' ಅಂದ."

ಥೋರಾ ಕೇಕು ಕೊಯ್ಯುವುದನ್ನು ನಿಲ್ಲಿಸಿದಳು.

"ಮತ್ತೆ ಕೇಳಿದೆಯಾ?"

"ಕೇಳ್ದೆ ಅಮ್ಮ. 'ಬೇರೆಯವರಿಗೆ ಯಾಕೆ ಇಕ್ಕಟ್ಟು' ಅಂದ. ಗುಂಡು ಸುರೀತಿತ್ತು, ನಾನು ಹೊರಟುಬಿಟ್ಟೆ. ಕನ್ನಡೀಲಿ ನೋಡಿದ್ರೆ ಲಾರಿ ಹಿಂದೇನೇ ನಾಲ್ಕು ಹೆಜ್ಜೆ ಓಡಿಬಂದ, ಕೈ ಎತ್ತಿದ. ಸಲ್ಯೂಟ್ ಹೊಡೀತಿದಾನೆ ಅಂದ್ಕೊಂಡೆ. ಎಂಥಾ ಗಂಡಸು ಅಂತ ಕಣ್ಣಲ್ಲಿ ನೀರು ಬಂತು. ಆಮೇಲೆ ತಿರುಗಿ ಮೆಷಿನ್‌ಗನ್ ಹತ್ರ ಹೋದ. ನಾವು ಸೇತುವೆ ದಾಟೋವರೆಗೂ ಅದರ ಸದ್ದು ಕೇಳ್ತಾನೇ ಇತ್ತು. ಲಾರೀಲಿದ್ದವರೆಲ್ಲ ಬದುಕಿದ್ವಿ."

ನಾನು ಥೋರಾಳ ಮುಖ ನೋಡಲಿಲ್ಲ, ನೋಡಲಾಗಲಿಲ್ಲ. ಸಲ್ಯೂಟಂತೆ! ಇಡೀ ಸೈನ್ಯದಲ್ಲಿ ನಾರ್ಡಾಲಿನವನೊಬ್ಬ ಆ ಸ್ಟಿಯರಿಂಗ್ ಹಿಡಿದಿದ್ದರೆ ಸಾಕಿತ್ತು. ಪದಕವೂ ಇಲ್ಲ, ಕಲ್ಲೂ ಇಲ್ಲ, ಸೆಲ್ಮರ್ ಈಗ ಕೊಟ್ಟಿಗೆಯಲ್ಲಿ ಹಸುವಿನ ಕೆಳಗೆ ಕೂತಿರುತ್ತಿದ್ದ. ಹಾಗಂತ ಅವನ ಶೌರ್ಯ ಸುಳ್ಳೇ? ಅಲ್ಲ. ಲಾರಿ ಹೋಯಿತು ಅಂತ ಗೊತ್ತಾದ ಮೇಲೆ, ತನ್ನನ್ನು ಬಿಟ್ಟುಹೋದವರನ್ನೇ ಕಾಯಲು ಕೂತನಲ್ಲ, ಅದು ಅವನದೇ. ಅದನ್ನು ಯಾರೂ ಪ್ರವಚನದಲ್ಲಿ ಹೇಳಲಿಲ್ಲ.

ಡಾಮಿನಿಕ್ ಲೋಟ ಕೆಳಗಿಟ್ಟ. "ಒಂದು ಕೇಳೋಕೆ ಬಂದೆ ಅಮ್ಮ. ಇನ್ನೊಂದು ಸಲ ಕರೆದಿದ್ರೆ ಬರ್ತಿದ್ನೋ ಏನೋ ಅಂತ ತಲೆ ಕೊರೀತದೆ. ನನಗೆ ಮಗು ಹುಟ್ಟಿದೆ, ಅದನ್ನ ಎತ್ಕೊಂಡಾಗ್ಲೂ ಅದೇ ಯೋಚನೆ. ನಿಮಗೆ ಅವನು ಗೊತ್ತು. ನೀವೇ ಹೇಳಿ, ಬರ್ತಿದ್ನಾ?"

ನಾನು ಬಾಯಿ ತೆರೆದೆ. ಥೋರಾ ಮೇಜಿನ ಕೆಳಗೆ ನನ್ನ ಮೊಣಕಾಲನ್ನು ಬಲವಾಗಿ ಅದುಮಿದಳು.

"ಇಲ್ಲಪ್ಪ," ಅಂದಳು. "ಬರ್ತಿರಲಿಲ್ಲ. ಅವನು ಬೇಡ ಅಂದ್ರೆ ಬೇಡಾನೇ. ನೂರು ಸಲ ಕರೆದಿದ್ರೂ ಅಷ್ಟೇ. ನಿನ್ನ ತಪ್ಪೇನೂ ಇಲ್ಲ."

ಹುಡುಗ ತಲೆ ತಗ್ಗಿಸಿ ಬಿಕ್ಕಿದ. ಅವಳು ಎದ್ದುಹೋಗಿ ಅವನ ಬೆನ್ನು ಸವರಿದಳು. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವನ ಕಾರು ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬರಬೇಕು ಅಂತ ಇತ್ತು ಕಣೆ ಅವನಿಗೆ," ಅಂದಳು. "ಹುಲ್ಡಾ, ನನ್ನ ಮಗನಿಗೆ ಮನೆಗೆ ಬರಬೇಕು ಅಂತ ಇತ್ತು."

ಎರಡು ವರ್ಷ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅಲ್ಲೇ ಹೊಸಿಲ ಮೇಲೆ ಕೂತು ಅತ್ತಳು.