ಜುವೆನಾಲನ ಬಾಟಲಿ ಮತ್ತು ನೊಣದ ರೆಕ್ಕೆ

ಬ್ರೆಜಿಲಿನ ಮಿನಾಸ್ ಸೀಮೆಯ ನಮ್ಮ ಪೇಟೆಯಲ್ಲಿ ಬೇರು, ತೊಗಟೆ ಮಾರುತ್ತಿದ್ದ ಜುವೆನಾಲನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವನ ಅಂಗಡಿ ನಡೆಯುತ್ತಿದ್ದದ್ದು ಕೆಂಪು ತೊಗಟೆ ಕಷಾಯದಿಂದ. ಪ್ರಾಸ್ಟೇಟ್ ಗ್ರಂಥಿ ಊದಿ ಉಚ್ಚೆ ಕಟ್ಟಿದ ಗಂಡಸರು ಕಳ್ಳರ ಹಾಗೆ ಬಂದು, ಬಾಟಲಿಯನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಹೋಗುತ್ತಿದ್ದರು.

ಹಾಲಿನ ಲಾರಿಯ ಒಲಿಂಟೊ ಒಬ್ಬನಿಗೆ ನಾಚಿಕೆ ಇರಲಿಲ್ಲ. ಅವನು ಜುವೆನಾಲನ ಮಗಳಿಗೆ ಜ್ಞಾನಸ್ನಾನದ ತಂದೆ; ಅದಕ್ಕೇ ಇಬ್ಬರೂ ಪರಸ್ಪರ ‘ಕೊಂಪಾದ್ರೆ’ ಎಂದೇ ಕರೆಯುತ್ತಿದ್ದರು; ಒಬ್ಬರ ಹೆಂಡತಿ ಇನ್ನೊಬ್ಬರಿಗೆ ‘ಕೊಮಾದ್ರೆ’.

"ಹಿಂದಿನಿಂದ ಬೆರಳು ಹಾಕಿ ನೋಡ್ತಾನಂತೆ ಆ ಆಸ್ಪತ್ರೆ ಡಾಕ್ಟ್ರು! ನಮ್ಮಪ್ಪ ಕೂಡ ನನ್ನ ಹಿಂದುಗಡೆ ಮುಟ್ಟಿದ್ದು ಬೆಲ್ಟಲ್ಲಿ ಮಾತ್ರ, ಕೊಂಪಾದ್ರೆ."

"ಉಗುರಾದ್ರೂ ಕತ್ತರಿಸಿದಾನಾ, ಕೇಳ್ದ್ಯಾ?" ಎಂದ ಜುವೆನಾಲ್.

ಮಾರುಕಟ್ಟೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಒಲಿಂಟೊ ಬಾಟಲಿ ಬಗಲಿಗಿಟ್ಟುಕೊಂಡು ಹೋದ. ಹಾಗೇ ವರ್ಷಗಟ್ಟಲೆ ಕುಡಿದ. ನಡ ಹಿಡಿದು ಹಾಸಿಗೆ ಸೇರುವಷ್ಟರಲ್ಲಿ ಪ್ರಾಸ್ಟೇಟಿನ ಕ್ಯಾನ್ಸರು ಮೂಳೆಗಿಳಿದಿತ್ತು.

ಹೆಣದ ಮುಂದೆಯೇ ಒಲಿಂಟೊನ ತಮ್ಮ ಕೂಗಿದ: "ಈ ವಿಷ ಮಾರೋನನ್ನ ಯಾರು ಒಳಗೆ ಬಿಟ್ಟಿದ್ದು?" ಜುವೆನಾಲ್ ಅವನ ಕೊರಳಪಟ್ಟಿ ಹಿಡಿದ. ಜನ ಬಿಡಿಸಿದರು. ಒಲಿಂಟೊನ ಹೆಂಡತಿ ಜಂದಿರಾ ತಲೆ ಎತ್ತಲೇ ಇಲ್ಲ. ತನ್ನ ಕೈಯಾರೆ ಕಾಸಿದ್ದು ಗೆಳೆಯನನ್ನು ಕೊಂದಿತೇ? ಜುವೆನಾಲನಿಗೆ ಊಟ ಸೇರದಾಯಿತು.

ಆಗ ಬಂದವಳು ಲೆನಿಸ್, ವಿಶ್ವವಿದ್ಯಾಲಯದ ಹುಡುಗಿ. ಪ್ರಾಸ್ಟೇಟಿಗೆ ಜನ ಕುಡಿಯುವ ನಾಟಿ ಮದ್ದುಗಳಲ್ಲಿ ವಿಷವಿದೆಯೇ ಎಂದು ಹಣ್ಣಿನ ನೊಣಗಳ ಮೇಲೆ ಪರೀಕ್ಷಿಸುತ್ತಿದ್ದಳು. ಬೇರೆಯವರಾದರೆ ಬೈದು ಓಡಿಸುತ್ತಿದ್ದ. ಇವಳಿಗೆ ಬಾಟಲಿಯನ್ನು ತಾನೇ ಕೈಗಿಟ್ಟು, "ವಿಷ ಇದ್ರೆ ವಿಷ ಅನ್ನು ಮಗಳೇ. ಮುಚ್ಚಿಡ್ಬೇಡ" ಎಂದ.

ಅವಳು ಆಲೂಗಡ್ಡೆ ಪುಡಿಗೆ ಕಷಾಯ ಕಲಸಿ ನೊಣದ ಮರಿಹುಳಗಳಿಗೆ ತಿನ್ನಿಸಿದಳು. ಅವು ನೊಣವಾದ ಮೇಲೆ ಜುವೆನಾಲನನ್ನು ಕರೆಸಿ, ಸೂಕ್ಷ್ಮದರ್ಶಕದಲ್ಲಿ ರೆಕ್ಕೆ ತೋರಿಸಿದಳು. ಸಾಲುಸಾಲು ಕೂದಲು, ನಾಟಿ ಮಾಡಿದ ಹಾಗೆ.

"ವಿಷ ತಾಗಿ ವಂಶವಾಹಿ ಕೆಟ್ಟಿದ್ರೆ ಒಂದೇ ಬುಡದಲ್ಲಿ ಮೂರ್ನಾಲ್ಕು ಕೂದಲು ಹುಟ್ಟುತ್ತೆ ಯಜಮಾನ್ರೇ. ನಿಮ್ಮ ಕಷಾಯ ಕುಡಿದವು ನೀರು ಕುಡಿದವುಗಳ ಹಾಗೇ ಇವೆ. ಆದ್ರೆ ಇದ್ರಿಂದ ರೋಗ ವಾಸಿಯಾಗುತ್ತೆ ಅಂತಲ್ಲ..."

ಜುವೆನಾಲ್ ಆಗಲೇ ಮೆಟ್ಟಿಲಿಳಿಯುತ್ತಿದ್ದ.

ಜಂದಿರಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ಕೊಮಾದ್ರೆ, ಪರೀಕ್ಷೆ ಆಯ್ತು! ನನ್ನ ಬಾಟಲಿ ಏನೂ ಮಾಡಿಲ್ಲ!"

"ಗೊತ್ತು" ಎಂದಳು ಅವಳು. "ಏನೂ ಮಾಡ್ಲಿಲ್ಲ."

ಜುವೆನಾಲನ ನಗು ಮುಖದಲ್ಲೇ ನಿಂತಿತು.

"ಆಸ್ಪತ್ರೆಗೆ ನಡಿ ಅಂತ ಕಾಲು ಹಿಡಿದೆ ನಾನು. ‘ಕೊಂಪಾದ್ರೆ ಬಾಟಲಿ ಇದೆಯಲ್ಲೇ’ ಅಂತಿದ್ದ. ನನ್ನ ಮಾತು ಯಾವತ್ತು ಕೇಳಿದ್ದ ಅವನು? ನೀನು ಒಂದು ಸಲ ಗದರಿಸಿದ್ರೆ ಹೋಗ್ತಿದ್ದ."

ಅವಳು ಬೈದಿದ್ದರೆ ಜುವೆನಾಲ್ ತಿರುಗಿ ಬೈಯುತ್ತಿದ್ದ. ಅವಳು ಬೈಯಲಿಲ್ಲ. ಬುಟ್ಟಿಯಿಂದ ಇನ್ನೊಂದು ಬಟ್ಟೆ ಎತ್ತಿ ಕೊಡವಿದಳು. ಲೋಕವನ್ನೆಲ್ಲ ಗದರಿಸುತ್ತಿದ್ದ ಮನುಷ್ಯ, ಗದರಿಸಬೇಕಾದ ಕಡೆ ತಮಾಷೆ ಮಾಡಿದ್ದ. ತಂತಿಯ ಮೇಲಿನ ಒದ್ದೆ ಬಟ್ಟೆಗಳ ನಡುವೆ ಹಾಗೇ ನಿಂತ.