ಎಂಟು ದಿನ ಮನೆಯಲ್ಲಿಟ್ಟ ವಜ್ರ

ನನಗೊಂದು ಕೆಟ್ಟ ಅಭ್ಯಾಸವಿದೆ. ಏನನ್ನೇ ಕೊಳ್ಳುವುದಿದ್ದರೂ ಅಂಗಡಿಯವರಿಗಿಂತ ಹೆಚ್ಚು ತಿಳಿದುಕೊಂಡೇ ಅಂಗಡಿಗೆ ಹೋಗಬೇಕೆನ್ನುವ ಹಟ. ಮಗಳ ಮದುವೆಗೆ ವಜ್ರದ ಪೆಂಡೆಂಟಿನ ಸರ ಕೊಳ್ಳುವುದೆಂದು ತೀರ್ಮಾನವಾದ ಮೇಲೆ ಒಂದು ತಿಂಗಳು ಫೋನಿನಲ್ಲಿ ವಜ್ರದ ಬಗ್ಗೆಯೇ ಓದಿದೆ. ವಸ್ತಾರೆಯ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಆಗ ಕೊಯ್ಲಿನ ಕಾಲ. ಬೆಳಗ್ಗೆ ಕಣದಲ್ಲಿ ಕಾಫಿ ಹರವಿಸಿ, ಮಧ್ಯಾಹ್ನ ಕಟ್, ಕಲರ್, ಕ್ಲ್ಯಾರಿಟಿ ಎಂದು ಓದುತ್ತ ಕೂರುತ್ತಿದ್ದೆ. ನಮ್ಮ ಯಜಮಾನರು, "ಪರೀಕ್ಷೆ ಯಾವತ್ತು ಮಾರಾಯ್ತಿ?" ಎಂದು ರೇಗಿಸುತ್ತಿದ್ದರು.

ಚಿಕ್ಕಮಗಳೂರಿನ ಒಡವೆ ಅಂಗಡಿಯವರು ನಮ್ಮ ಮಾವನ ಕಾಲದಿಂದ ಪರಿಚಯ. ಯಜಮಾನರು, ಮಗಳು, ನಾನು ಮೂವರೂ ಹೋದೆವು. ನನ್ನ ಪಾಂಡಿತ್ಯವನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ಒಂದೊಂದೇ ಕಲ್ಲಿನ ಮೂರು ಪೆಂಡೆಂಟುಗಳನ್ನು ಬಿಳಿ ಕಾಗದದ ಮೇಲೆ ಮಗುಚಿ ಇಟ್ಟರು.

"ತೂಕ ನೋಡಿ ಮರುಳಾಗ್ಬೇಡಿ ಅಮ್ಮ, ಕಟಿಂಗ್ ನೋಡಿ. ಬೆಳಕು ಮೇಲಿಂದ ಒಳಗೆ ಹೋಗಿ ಮೇಲಿಂದ್ಲೇ ವಾಪಸ್ ಬರ್ಬೇಕು. ಕೆಳಗೆ ಸೋರಿಹೋದ್ರೆ ಎಷ್ಟು ದೊಡ್ಡ ಕಲ್ಲಾದ್ರೂ ಗಾಜಿನ ಹಾಗೇ."

ಎಲ್ಲಕ್ಕಿಂತ ದೊಡ್ಡ ಕಲ್ಲಿಗೆ ನಡುವೆ ಮಬ್ಬು. ಎರಡನೆಯದು ಬಿಳಿ ಕಾಗದದ ಮೇಲೆ ತುಸು ಹಳದಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರವನ್ನು ಕಣ್ಣಿಗೆ ಒತ್ತಿಕೊಂಡು ಮೂರನೆಯದರೊಳಗೆ ಇಣುಕಿದೆ. ಅಂಚಿನಲ್ಲಿ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಬಿಟ್ಟರೆ ಏನೂ ಇರಲಿಲ್ಲ. ಕಲ್ಲಿನ ಅಂಚಿನಲ್ಲಿ ಕೆತ್ತಿದ ನಂಬರನ್ನು ಸರ್ಟಿಫಿಕೇಟಿನ ನಂಬರಿನ ಜೊತೆ ಹೋಲಿಸಿದೆ. ಬಾಯಿಂದ ಉಸಿರು ಊದಿದೆ. ಕನ್ನಡಿಯ ಮೇಲಾದರೆ ಸ್ವಲ್ಪ ಹೊತ್ತು ಆವಿ ನಿಲ್ಲುತ್ತದೆ, ಇದರ ಮೇಲೆ ಊದಿದೆನೋ ಇಲ್ಲವೋ ಎನ್ನುವಂತೆ ಮಾಯವಾಯಿತು. ಕೊನೆಗೆ ಅಂಗಡಿಯವರು ನೇರಳೆ ಬೆಳಕಿನ ಸಣ್ಣ ಟಾರ್ಚು ಹಿಡಿದರು. ಉಳಿದೆರಡು ಕಲ್ಲುಗಳು ಸುಮ್ಮನಿದ್ದವು. ಮಗಳ ಅಂಗೈಯಲ್ಲಿದ್ದ ಮೂರನೆಯದು ಒಳಗಿನಿಂದ ನೀಲಿಯಾಗಿ ಹೊತ್ತಿಕೊಂಡಿತು. ಅದು ಕೆಲವು ವಜ್ರಗಳ ಗುಣ, ದೋಷವಲ್ಲ ಎಂದು ನಾನು ಓದಿದ್ದೆ. ಆದರೂ ಮೈ ಜುಂ ಎಂದಿತು.

"ಇದೇ ಬೇಕು" ಎಂದಳು ಮಗಳು. ಹುಟ್ಟಿದಾಗಿನಿಂದ ಬಾಯಿಬಿಟ್ಟು ಇಂಥದ್ದು ಬೇಕೆಂದು ಕೇಳಿದವಳಲ್ಲ. ಅವಳ ಅಪ್ಪನ ಮುಖ ಅರಳಿತು.

ಆದರೆ ನಮ್ಮ ಅತ್ತೆಯದೊಂದು ಷರತ್ತಿತ್ತು. ವಜ್ರ ಎಲ್ಲರಿಗೂ ಆಗಿಬರುವುದಿಲ್ಲ. ಕೊಳ್ಳುವ ಮೊದಲು ಎಂಟು ದಿನ ದೇವರ ಮುಂದೆ ಇಡಬೇಕು. ಅಷ್ಟರಲ್ಲಿ ಮನೆಯಲ್ಲಿ ಯಾರಿಗಾದರೂ ಗಾಯ, ನೋವು, ಸಾವು, ಕೆಟ್ಟ ಕನಸು, ಏನಾದರೂ ಆದರೆ ಕಲ್ಲು ವಾಪಸ್. ಇದು ನಮ್ಮ ಕಡೆ ಹೊಸ ಮಾತೇನಲ್ಲ. ಅಂಗಡಿಯವರೂ ಒಂದು ಚೀಟಿ ಬರೆಸಿಕೊಂಡು ಸರ ಕೊಟ್ಟು ಕಳಿಸಿದರು. ನಾನು ದಾರಿಯುದ್ದಕ್ಕೂ ಸಿಡಿಮಿಡಿಗುಟ್ಟಿದೆ. ಇಷ್ಟೆಲ್ಲ ಓದಿ ಆರಿಸಿದ ಕಲ್ಲಿಗೆ ಮತ್ತೊಂದು ಪರೀಕ್ಷೆ!

ಸರ ದೇವರ ಕೋಣೆಯ ಬೆಳ್ಳಿ ಬಟ್ಟಲು ಸೇರಿತು. ಪ್ರತಿದಿನ ದೀಪ ಹಚ್ಚಿದ ಮೇಲೆ ಅತ್ತೆ ನಡುಮನೆಗೆ ಬಂದು ಒಬ್ಬೊಬ್ಬರನ್ನೇ ನೋಡಿ ಕೇಳುತ್ತಿದ್ದರು.

"ಎಲ್ಲ ಹುಷಾರಾ?"

"ಹುಷಾರು" ಎನ್ನುತ್ತಿದ್ದೆವು.

ಎರಡನೆಯ ದಿನ ಬೆಳಗ್ಗೆ ಕಣಕ್ಕೆ ಹೋದಾಗ ನಮ್ಮ ನಾಯಿ ಇರಲಿಲ್ಲ. ಕಣದ ಮೂಲೆಯಲ್ಲಿ ಅದರ ಕೊರಳಪಟ್ಟಿ ಬಿದ್ದಿತ್ತು. ಅಲ್ಲಿಂದ ಮೆಣಸಿನ ಬಳ್ಳಿಯವರೆಗೆ ಎಳೆದುಕೊಂಡು ಹೋದ ರಕ್ತದ ಗುರುತು. ಚಿರತೆ. ಒಂಬತ್ತು ವರ್ಷ ಸಾಕಿದ ನಾಯಿ, ಅಳು ಬಂತು. ಆದರೆ ಕಣ್ಣೊರೆಸಿಕೊಂಡು ಮೊದಲು ಮಾಡಿದ ಕೆಲಸ ಏನು? ಬಕೆಟ್ಟಿನಲ್ಲಿ ನೀರು ತಂದು ರಕ್ತ ತೊಳೆದೆ. ಕೊರಳಪಟ್ಟಿಯನ್ನು ಸೌದೆಯ ರಾಶಿಯೊಳಗೆ ತುರುಕಿದೆ. ನಾಯಿ ಎಲ್ಲಿ ಎಂದು ಕೇಳಿದವರಿಗೆ, "ಆಳುಗಳ ಲೈನ್ ಮನೆ ಕಡೆ ಹೋಗಿದೆ, ಹೆಣ್ಣುನಾಯಿ ಇದೆಯಲ್ಲ ಅಲ್ಲಿ" ಎಂದೆ. ಇಂಥದ್ದನ್ನೆಲ್ಲ ನಂಬದವಳು ನಾನು. ಹೇಳಿದರೆ ಕಲ್ಲು ವಾಪಸ್ ಹೋಗುತ್ತದೆ ಎನ್ನುವುದಷ್ಟೇ ತಲೆಯಲ್ಲಿತ್ತು.

ಆಮೇಲೆ ಮನೆಗೆ ಒಂದು ವಿಚಿತ್ರ ಮೌನ ಹಿಡಿಯಿತು. ಹಾಲು ಉಕ್ಕಲಿಲ್ಲ, ಲೋಟ ಬೀಳಲಿಲ್ಲ, ಯಾರೂ ಕೆಮ್ಮಲಿಲ್ಲ. ನಾಲ್ಕು ಜನ ಬೆಕ್ಕಿನ ಹಾಗೆ ಹೆಜ್ಜೆ ಇಡುತ್ತಿದ್ದೆವು. ಮಗಳು ಸುಡುಬಿಸಿಲಿನಲ್ಲೂ ತುಂಬುತೋಳಿನ ಸ್ವೆಟರ್ ತೆಗೆಯಲಿಲ್ಲ. ಊಟಕ್ಕೆ ಕೂತರೆ ಎಲ್ಲರ ಮುಖದಲ್ಲೂ ಫೋಟೋಕ್ಕೆ ನಿಂತವರ ನಗು. ಒಂದು ಮನೆಯಲ್ಲಿ ಎಂಟು ದಿನ ಯಾರಿಗೂ ಒಂದು ಮುಳ್ಳೂ ಚುಚ್ಚದೆ ಇರುತ್ತದೆಯೇ? ನನಗೆ ಹೆದರಿಕೆಯಾಗತೊಡಗಿತು. ದೇವರ ಕೋಣೆಯ ಬಾಗಿಲು ದಾಟುವಾಗ ಒಳಗೆ ಯಾರೋ ಕೂತು ನಮ್ಮನ್ನು ಎಣಿಸುತ್ತಿದ್ದಾರೆ ಅನ್ನಿಸುತ್ತಿತ್ತು.

ನಮ್ಮ ಯಜಮಾನರು ಗುರುವಾರದಿಂದ ಕಣದ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದರು. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಕಟ್ಟಿ ಮುಗಿದರೂ ತಲೆ ಬಗ್ಗಿಸಿಕೊಂಡೇ ಕೂತಿರುತ್ತಿದ್ದರು. ನಾನು ಕಿಟಕಿಯಿಂದ ನೋಡಿದೆ, ದಿನವೂ ನೋಡಿದೆ. ಕೇಳಲಿಲ್ಲ. ಕೇಳಿದರೆ ಅವರು ಉತ್ತರ ಹೇಳಬೇಕಾಗುತ್ತಿತ್ತು.

ಎಂಟು ದಿನ ಕಳೆಯಿತು. ಒಂಬತ್ತನೆಯ ಬೆಳಗ್ಗೆ ಅತ್ತೆ ತಾವೇ ಸರ ತಂದು ಮೊಮ್ಮಗಳ ಕೊರಳಿಗೆ ಹಾಕಿ, "ಆಗಿಬಂತು ಮಗಾ" ಎಂದರು. ನಾನು ಅಂಗಡಿಗೆ ಫೋನ್ ಮಾಡಿ, ಇಟ್ಟುಕೊಳ್ಳುತ್ತೇವೆ ಎಂದು ಹೇಳಿದೆ. ಆ ಕ್ಷಣವೇ ಮಗಳು ನಗುತ್ತ ಸ್ವೆಟರಿನ ತೋಳು ಮೇಲೆ ಮಾಡಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ತರಚಿ ಹೆಪ್ಪುಗಟ್ಟಿದ ಗಾಯ.

"ಸ್ಕೂಟಿಯಿಂದ ಬಿದ್ದೆ ಅಜ್ಜಿ, ಮೂರನೇ ದಿನ. ಇನ್ನು ಹೇಳ್ಬಹುದಲ್ಲ?"

ನಾನು ನಾಯಿಯ ವಿಷಯ ಹೇಳಿದೆ. ಬೈಯುತ್ತಾರೆಂದು ಅತ್ತೆಯ ಮುಖ ನೋಡಿದರೆ, ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

"ನಂಗೂ ಮೊದಲ್ನೇ ದಿನವೇ ಕೆಟ್ಟ ಕನಸು ಬಿದ್ದಿತ್ತು ಕಣೆ. ಇವಳು ಆಸೆಪಟ್ಟಿದಾಳಲ್ಲ ಅಂತ ಸುಮ್ನಿದ್ದೆ."

ಎಲ್ಲರೂ ನಕ್ಕೆವು. ಆ ನಗು ಈಗಲೂ ಕಿವಿಯಲ್ಲಿದೆ. ಯಜಮಾನರು ಕುರ್ಚಿಯಲ್ಲಿ ಕೂತಿದ್ದರು. ಹಣೆಯಲ್ಲಿ ಬೆವರು.

"ನಂದೂ ಒಂದಿದೆ" ಎಂದರು. "ಗುರುವಾರದಿಂದ ಎದೆ ನೋವು."

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಸಿಟ್ಟಾದರು. ಐದು ದಿನ ಯಾಕೆ ಬರಲಿಲ್ಲ, ಹತ್ತಿರದಲ್ಲೇ ಇದ್ದೀರಲ್ಲ, ಏನು ಅಡ್ಡಿಯಿತ್ತು ಎಂದು ಕೇಳಿದರು. ಮಗಳು ಅಳುತ್ತ ಸರದ ಕೊಂಡಿಗೆ ಕೈ ಹಾಕಿದಳು. ಅವಳ ಅಪ್ಪ ಮೂಗಿನ ಮೇಲಿದ್ದ ಆಕ್ಸಿಜನ್ ಮಾಸ್ಕನ್ನು ಸರಿಸಿ, "ತೆಗೀಬೇಡ ಮಗಾ. ಮತ್ತೆ ನಾನು ತಡ್ಕೊಂಡಿದ್ದು ಯಾತಕ್ಕೆ?" ಎಂದರು.

ಅವರು ಬದುಕಿದರು. ಆದರೆ ಹೃದಯದ ಒಂದು ಭಾಗ ಸತ್ತಿದೆ, ಅದು ಮತ್ತೆ ಸರಿಯಾಗುವುದಿಲ್ಲವಂತೆ. ಬೇಗ ಬಂದಿದ್ದರೆ ಉಳಿಯುತ್ತಿತ್ತಂತೆ. ಈಗ ತೋಟಕ್ಕೆ ಇಳಿಯುವುದಿಲ್ಲ, ಜಗಲಿಯಲ್ಲಿ ಕೂತು ಕಣ ನೋಡುತ್ತಾರೆ.

ಮದುವೆಯಾಗಿ ಕಳಸಕ್ಕೆ ಹೋದ ಮಗಳು ಆ ಸರವನ್ನು ಸ್ನಾನಕ್ಕೂ ತೆಗೆಯುವುದಿಲ್ಲ, ಮಲಗುವಾಗಲೂ ತೆಗೆಯುವುದಿಲ್ಲ. ತೆಗೆದರೆ ಅಪ್ಪನಿಗೆ ಏನಾಗುವುದೋ ಎನ್ನುವ ಭಯ. ನಾನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ಸೋಪು, ಎಣ್ಣೆ ಕೂತರೆ ಕಲ್ಲು ಮಂಕಾಗುತ್ತದೆ, ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತಗಿನ ಬ್ರಷ್ಷಿನಿಂದ ತೊಳೆಯಬೇಕು, ನೀನು ಓದಿದವಳಲ್ಲವೇ ಎಂದು.

ಹೋದ ತಿಂಗಳು ಅವಳನ್ನು ಒಪ್ಪಿಸಿ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವರು ಅವಳ ಕೊರಳ ಹತ್ತಿರ ಮಸೂರ ಹಿಡಿದು ನೋಡಿದರು.

"ಕಲ್ಲು ಹಿಡ್ಕೊಂಡಿರೋ ನಾಲ್ಕು ಕೊಕ್ಕೆಲಿ ಒಂದು ಎದ್ದಿದೆ ಅಮ್ಮ. ಒಂದು ದಿನ ಬಿಟ್ಟು ಹೋಗಿ, ಕೂರಿಸಿ ಕೊಡ್ತೀನಿ. ಹೀಗೇ ಬಿಟ್ರೆ ಯಾವತ್ತಾದ್ರೂ ಕಲ್ಲು ಬಿದ್ದುಹೋಗುತ್ತೆ."

ಮಗಳು ನನ್ನ ಮುಖ ನೋಡಿದಳು. ಎರಡೂ ಕೈಗಳನ್ನು ಕತ್ತಿನ ಹಿಂದಕ್ಕೆ ಒಯ್ದು ಕೊಂಡಿ ಬಿಚ್ಚತೊಡಗಿದಳು.

ಬೇಡ ಎಂದು ಅವಳ ಕೈ ಹಿಡಿದುಕೊಂಡವಳು ನಾನು.